ಟೆಂಗೆ ಬಿದ್ದ ಮಳೆಗಾಲ

ಬೆಳಿಗ್ಗೆಯಿಂದ ನಮ್ಮ ಬೀದಿಯಲ್ಲಿ ನಲ್ಲಿ ಪೈಪಿಗೆಂದು ಮಣ್ಣು ಅಗೆಯುತ್ತಿದ್ದಾರೆ. ರಾತ್ರಿ ಒಂದು ಹದ ಮಳೆ ಬಿದ್ದಿತ್ತು. ಮೇಲಿನ ಮಣ್ಣಿಗೆ ಒಂದು ವಾಸನೆ, ಮೊಳಕಾಲುದ್ದ ಕೆಳಗಿನ ಮಣ್ಣಿಗೆ ಬೇರೆಯೇ ವಾಸನೆ. ಕೆಳಗಿನದು ತಣ್ಣಗೆ, ಸ್ವಲ್ಪ ಕಬ್ಬಿಣದ ಹಾಗೆ, ನೆಲದಡಿ ರಾಗಿ ತುಂಬಿಡುವ ಹಗೇವಿನ ಬಾಯಿ ತೆರೆದಾಗ ಬರುತ್ತದಲ್ಲ ಹಾಗೆ. ಜಗಲಿಯ ಮೇಲೆ ಕೂತು ಮೂಗಿನ ತುಂಬ ಎಳೆದುಕೊಂಡೆ. ಅಷ್ಟೇ. ಬೀದಿ ಹೋಯಿತು, ಕೂಲಿಯವರು ಹೋದರು, ನಮ್ಮ ಅಂಗಳದ ನಡುವೆ ಉದ್ದಕ್ಕೆ ಪಾಯ ತೋಡಿದ್ದ ಆ ಮಳೆಗಾಲ ಬಂದು ಪಕ್ಕದಲ್ಲಿ ಕೂತಿತು. ಹೋಗು ಅಂದರೆ ಹೋಗಲಿಲ್ಲ. ಸರಿ, ಫೋನು ಕೈಲಿತ್ತು, ಬರೆಯಲು ಕೂತೆ. ಒತ್ತಕ್ಷರ ಬಂದಾಗ ಬೆರಳು ಸ್ವಲ್ಪ ತಡವರಿಸುತ್ತದೆ, ಉಳಿದಂತೆ ಪರವಾಗಿಲ್ಲ.

ಆ ವರ್ಷ ನಮ್ಮ ಕೊತ್ತತ್ತಿಯ ಮನೆಯಲ್ಲಿ ಒಲೆ ಎರಡಾಗಿದ್ದವು. ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಶಿವಣ್ಣ, ಗದ್ದೆ ಕಬ್ಬು ನೋಡಿಕೊಳ್ಳುತ್ತಾನೆ. ಚಿಕ್ಕವನು ಮಂಜ, ಹಾಲಿನ ವ್ಯಾನು ಓಡಿಸುತ್ತಾನೆ. ದೊಡ್ಡ ಸೊಸೆ ಭಾಗ್ಯ ಹನಕೆರೆಯವಳು; ರೈಲಿನ ಸದ್ದಿಗೆ ಎದುರು ಮಾತಾಡಿ ಬೆಳೆದವಳು, ಗಂಟಲು ಗಟ್ಟಿ. ಚಿಕ್ಕ ಸೊಸೆ ಸವಿತ ಮದ್ದೂರು ಪೇಟೆಯವಳು, ಬಿಕಾಂ ಓದಿದವಳು. ಮಾತು ಕಡಿಮೆ, ಮುನಿಸು ಉದ್ದ. ಇಬ್ಬರೂ ಒಳ್ಳೆಯವರೇ. ಒಳ್ಳೆಯವರು ಜಗಳವಾಡಿದರೆ ಬೇಗ ಮುಗಿಯುವುದಿಲ್ಲ. ಇಬ್ಬರ ಹತ್ತಿರವೂ ನ್ಯಾಯ ಇರುತ್ತದೆ.

ಜಗಳ ಹುಟ್ಟಿದ್ದು ಗ್ಯಾಸ್ ಸಿಲಿಂಡರಿನಿಂದ. ನೆಂಟರು ಬಂದ ದಿನ ಒಬ್ಬಟ್ಟು ಹೆಂಚಿನ ಮೇಲಿರುವಾಗಲೇ ಒಲೆ ಉಸಿರು ಬಿಟ್ಟಿತು. ಸಿಲಿಂಡರ್ ಬುಕ್ ಮಾಡುವ ಸರದಿ ಯಾರದಾಗಿತ್ತು ಎಂದು ಶಿವಣ್ಣ ನೆಂಟರ ಮುಂದೆಯೇ ಕೇಳಿಬಿಟ್ಟ. ಭಾಗ್ಯ ಸವಿತಳ ಕಡೆ ನೋಡಿದಳು, ಸವಿತ ಭಾಗ್ಯಳ ಕಡೆ ನೋಡಿದಳು. ಅಲ್ಲಿಂದ ಶುರುವಾದದ್ದು ಹಳೆಯದನ್ನೆಲ್ಲ ಅಗೆದುಕೊಂಡು ಹೋಯಿತು. ಯಾರು ಯಾವ ಹಬ್ಬದಲ್ಲಿ ಯಾರಿಗೆ ಏನು ಅಂದರು, ಯಾರ ತವರಿನವರು ಬಂದಾಗ ಯಾರು ತಲೆನೋವೆಂದು ಮಲಗಿದರು, ಎಲ್ಲ. ಅಂಗಳದ ಮೂಡಲ ಕಡೆ ಭಾಗ್ಯಳ ಒಲೆ, ಪಡುವಲ ಕಡೆ ಸವಿತಳ ಒಲೆ. ನನಗೆ ಒಂದು ತಿಂಗಳು ಅಲ್ಲಿ ಊಟ, ಒಂದು ತಿಂಗಳು ಇಲ್ಲಿ. ಗಂಡಸರಿಬ್ಬರು ಗದ್ದೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು, ಮನೆಗೆ ಬಂದರೆ ಅವರೂ ಬಾಯಿ ಮುಚ್ಚುತ್ತಿದ್ದರು.

ಒಲೆ ಎರಡಾದದ್ದಕ್ಕೆ ನಾನು ಅಳಲಿಲ್ಲ. ನಾನೂ ಬೇರೆ ಒಲೆ ಹೂಡಿದವಳೇ. ನನ್ನ ಎದೆ ಝಲ್ಲೆಂದದ್ದು ಒಂದು ಪಾತ್ರೆ ನೋಡಿ. ನಮ್ಮಲ್ಲಿ ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲ, ಅದೂ ಇಲ್ಲದಿದ್ದರೆ ಎರಡು ಹಸಿಮೆಣಸಿನಕಾಯಿಯಾದರೂ ಹಾಕಿ ಕೊಡುತ್ತೇವೆ. ಆ ಸಲ ಪಡುವಲ ಮನೆಯ ಪಾತ್ರೆ ಮೂಡಲಿಂದ ಬಂತು, ಫಳಫಳ ತೊಳೆದು, ಬರಿದಾಗಿ. ಸವಿತ ಅದನ್ನು ಕೈಲಿ ಹಿಡಿದು ಒಳಗೆ ನೋಡಿದಳು. ಕವುಚಿ ಇಟ್ಟಳು.

ಅದಾದ ಮೇಲೆ ಶಿವಣ್ಣ ಒಂದು ಟ್ರ್ಯಾಕ್ಟರ್ ಇಟ್ಟಿಗೆ ತಂದು ಸುರಿಸಿದ.

"ಯಾತಕ್ಲಾ ಇದು?" ಎಂದೆ.

"ಅಂಗಳಕ್ಕೆ ಒಂದು ಗ್ವಾಡೆ ಎಬ್ಬುಸ್ಬುಡ್ತೀನಿ ಕಣವ್ವ. ಮಖ ಕಾಣ್ದೆ ಇದ್ರೆ ಮಾತೂ ಇರಾಕಿಲ್ಲ, ಜಗಳಾನೂ ಇರಾಕಿಲ್ಲ."

"ನನ್ ಮಖ ಯಾವ್ ಕಡೀಗೆ ಮಡಗ್ತೀಯ?"

ಅವನು ತಲೆ ಕೆರೆದುಕೊಂಡು ಹೋದ. ಮಾರನೆಯ ದಿನವೇ ಗಾರೆ ಕೆಲಸದವನು ಬಂದು ಅಂಗಳವನ್ನು ನಡುವಿಗೆ ಸೀಳಿ ಪಾಯ ತೋಡಿದ. ಆ ಅಂಗಳದಲ್ಲಿ ನಾನು ಭತ್ತ ಹರಡಿದ್ದೇನೆ, ಹುರುಳಿ ಬಡಿದಿದ್ದೇನೆ, ಸಂಡಿಗೆ ಕಾದಿದ್ದೇನೆ, ಮಕ್ಕಳಿಬ್ಬರನ್ನೂ ಅಲ್ಲೇ ಎಣ್ಣೆ ಹಚ್ಚಿ ಬಿಸಿಲಿಗೆ ಬಿಟ್ಟಿದ್ದೇನೆ. ಬೆಳಗಿನ ಬಿಸಿಲು ಪಡುವಲ ಗೋಡೆಯಿಂದ ಇಳಿದು ಸಂಜೆಗೆ ಮೂಡಲ ಕಂಬ ಹತ್ತುವುದನ್ನು ನೋಡಿಕೊಂಡೇ ನನ್ನ ಆಯಸ್ಸು ಕಳೆದದ್ದು. ಗೋಡೆ ಎದ್ದರೆ ಆ ಬಿಸಿಲಿನಲ್ಲಿ ಅರ್ಧ ನನಗೆ ಸಿಗುವುದಿಲ್ಲ. ಯಾವ ಅರ್ಧ ಎಂಬುದು ಯಾರ ಮನೆಯ ಊಟ ಎಂಬುದರ ಮೇಲೆ.

ದೇವರು ಅಷ್ಟರಲ್ಲಿ ಮಳೆ ಕಳಿಸಿದ. ಗಾರೆಯವನು ಕರಣೆ ಒರೆಸಿ ಚೀಲಕ್ಕೆ ಹಾಕಿಕೊಂಡ. "ಮಳೆ ಓಗ್ಲಿ ಬುಡಿ, ಈ ಕೆಸ್ರಲ್ಲಿ ಗ್ವಾಡೆ ನಿಲ್ಲಾಕಿಲ್ಲ" ಅಂದ. ಪಾಯದ ತುಂಬ ನೀರು ನಿಂತಿತು. ಮಳೆ ನಿಲ್ಲುವವರೆಗೆ ನನಗೆ ಸಮಯ ಇತ್ತು. ಏನು ಮಾಡುವುದೆಂದು ಮಾತ್ರ ಗೊತ್ತಿರಲಿಲ್ಲ.

ಹೀಗಿರುವಾಗ ಸವಿತಳಿಗೆ ಒಂದು ಕೆಲಸ ಸಿಕ್ಕಿತು. ಮಂಡ್ಯದಲ್ಲಿ ಒಂದು ಸಣ್ಣ ಆಫೀಸು. ದೂರದ ದೇಶಗಳ ಹಳೆಯ ಕಾಗದಗಳ ಫೋಟೋ ಬರುತ್ತವೆ, ಅದರಲ್ಲಿರುವ ಅಂಕಿಗಳನ್ನು ನೋಡಿಕೊಂಡು ಟೈಪ್ ಮಾಡಿ ಕಳಿಸಬೇಕು. ಮೊದಲು ಮನೆಯಿಂದಲೇ ಮಾಡಿ ತೋರಿಸು, ಸರಿಬಂದರೆ ಆಫೀಸಿಗೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಆ ತಿಂಗಳು ನನ್ನ ಊಟ ಪಡುವಲ ಕಡೆ. ಮುದ್ದೆ ಮುರಿಯುತ್ತ ಅವಳ ಲ್ಯಾಪ್‌ಟಾಪಿನೊಳಗೆ ಇಣುಕಿದೆ.

"ಏನಮ್ಮಿ ಅದು, ಬೆಲ್ಲದ್ ರೇಟಾ?"

"ಅಲ್ಲ ಕಣತ್ತೆ. ಕಜಕಸ್ತಾನ ಅಂತ ಒಂದು ದೇಶ, ಅವರ ದುಡ್ಡು ಟೆಂಗೆ. ಪಕ್ಕದಲ್ಲೇ ಕಿರ್ಗಿಸ್ತಾನ, ಅವರದು ಸೋಮ್. ದಿನಾ ಇದಕ್ಕೆ ಅದು ಎಷ್ಟು ಅಂತ ಬ್ಯಾಂಕಿನವ್ರು ಬರೆದಿಟ್ಟವ್ರೆ. ಹಳೇದು, ವರ್ಷಗಟ್ಟಲೆದು."

"ಹಳೇ ರೇಟು ಯಾರ್ಗ್ ಬೇಕಂತೆ?"

"ಯಾರೋ ಓದೋರಿಗಂತೆ."

"ಅಕ್ಕಪಕ್ಕದೋರು, ಯಾಕ್ ಬ್ಯಾರೆ ಬ್ಯಾರೆ ದುಡ್ಡು ಮಾಡ್ಕಂಡ್ರು?"

ಸವಿತ ಬೆರಳು ನಿಲ್ಲಿಸಿ ಹೇಳಿದಳು. ಮೊದಲು ಅವರೆಲ್ಲ ಒಂದೇ ದೊಡ್ಡ ದೇಶದಲ್ಲಿದ್ದರಂತೆ, ಎಲ್ಲರಿಗೂ ರೂಬಲ್ ಎಂಬ ಒಂದೇ ದುಡ್ಡು. ಆಮೇಲೆ ಆ ದೇಶ ಒಡೆದು ಪಾಲಾಯಿತು. ಸ್ವಲ್ಪ ದಿನ ಹಳೆಯ ದುಡ್ಡಿನಲ್ಲೇ ನೂಕಿದರು. ಮೊದಲು ಸೋಮ್‌ನವರು ಬೇರೆ ಮಾಡಿಕೊಂಡರು, ಅದೇ ವರ್ಷದ ಕೊನೆಗೆ ಟೆಂಗೆಯವರು. ಒಂದೇ ದುಡ್ಡಿದ್ದಾಗ ರೇಟೆಂಬುದೇ ಇರಲಿಲ್ಲ. ಬೇರೆಯಾದ ದಿನದಿಂದ ಶುರು, ನಿನಗೆಷ್ಟು, ನನಗೆಷ್ಟು.

ಹೇಳಿ ಮುಗಿಸಿ ಅವಳು ಬಾಗಿಲಾಚೆ ಪಾಯದ ಕಡೆ ನೋಡಿದಳು. ನಾನೂ ನೋಡಿದೆ.

ನನಗೆ ಈ ರೇಟಿನ ವಿಷಯ ಹೊಸದಲ್ಲ. ನಾನು ಮಳವಳ್ಳಿ ಆಚೆಯ ಬೆದ್ದಲು ಊರಿನವಳು. ನಮ್ಮಲ್ಲಿ ರಾಗಿ ಬಿಟ್ಟರೆ ಹುರುಳಿ. ಸುಗ್ಗಿ ಮುಗಿದ ಮೇಲೆ ನಮ್ಮಪ್ಪ ಗಾಡಿಗೆ ರಾಗಿ ಹೇರಿಕೊಂಡು ಈ ನಾಲೆ ಸೀಮೆಗೆ ಬರುತ್ತಿದ್ದ, ರಾಗಿ ಕೊಟ್ಟು ಭತ್ತ ಒಯ್ಯುತ್ತಿದ್ದ. ಕೆಲವು ಸಲ ಮೂಟೆಗಳ ಮೇಲೆ ನಾನೂ ಕೂತು ಬಂದದ್ದುಂಟು. ಇಲ್ಲಿಯ ಹೆಂಗಸರು ಸೇರು ಹಿಡಿದು ಬಾಗಿಲಿಗೆ ಬರುತ್ತಿದ್ದರು. ನಮ್ಮಲ್ಲಿ ರಾಗಿ ಹುಲುಸಾದ ವರ್ಷ ಅವರ ಭತ್ತಕ್ಕೆ ಎಲ್ಲಿಲ್ಲದ ಬಿಗುಮಾನ. ನಾಲೆಗೆ ನೀರು ಕಡಿಮೆ ಬಿಟ್ಟ ವರ್ಷ ನಮ್ಮಪ್ಪನ ಮೀಸೆ ಸ್ವಲ್ಪ ಮೇಲೆ. ಹಾಗೆ ಬಂದು ಹೋಗುವಾಗಲೇ ಈ ಮನೆಯವರು ನನ್ನನ್ನು ನೋಡಿದ್ದು. ಇದನ್ನು ಸವಿತಳಿಗೆ ಹೇಳಿದರೆ "ನಿಮ್ಮನ್ನ ಯಾವ ರೇಟಿಗೆ ಕೊಟ್ರು ಅತ್ತೆ?" ಎಂದಳು. ಮಾತು ಕಡಿಮೆ ಅಂದೆನಲ್ಲ, ಆಡಿದರೆ ಹೀಗೆ.

ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ಕಾಗದಗಳು ಎರಡು ಕಟ್ಟು. ಒಂದು ಕಟ್ಟು ಟೆಂಗೆಯವರ ಬ್ಯಾಂಕಿನದು, ಒಂದು ಸೋಮ್‌ನವರ ಬ್ಯಾಂಕಿನದು. ಎರಡನ್ನೂ ಒಬ್ಬರೇ ಮಾಡುವ ಹಾಗಿಲ್ಲ. ಬೇರೆ ಬೇರೆ ಕೈ, ಒಬ್ಬರದನ್ನು ಒಬ್ಬರು ನೋಡಬಾರದು, ಕೊನೆಗೆ ತಾಳೆ ಹಾಕುತ್ತಾರೆ. ಸವಿತ ನೆಚ್ಚಿಕೊಂಡಿದ್ದ ಗೆಳತಿ ಬಾಣಂತನಕ್ಕೆ ತವರಿಗೆ ಹೋದಳು. ಎರಡನೆಯ ಕೈ ಇಲ್ಲದೆ ಕೆಲಸವೇ ಹೋಗುವ ಹಾಗಾಯಿತು.

"ಎದ್ರು ಮನೇಲೇ ಒಂದ್ ಕೈ ಅದಲ್ಲಮ್ಮಿ" ಎಂದೆ.

ಸವಿತ ಕಿವಿ ಕೇಳಿಸದವಳ ಹಾಗೆ ಅನ್ನ ಬಸಿದಳು.

ನಾನು ಮೂಡಲ ಕಡೆ ಹೋದೆ. ಭಾಗ್ಯ ಉಪ್ಸಾರಿಗೆ ಖಾರ ಅರೆಯುತ್ತಿದ್ದಳು. ಕಂಬಕ್ಕೆ ಒರಗಿ ಕೂತು ಗಾಳಿಗೆ ಹೇಳುವವಳ ಹಾಗೆ ಹೇಳಿದೆ: "ಅವ್ಳಿಗೆ ಇನ್ನೊಬ್ರು ಬೇಕಂತೆ. ಭಾಗ್ಯನ್ನ ಕೇಳಮ್ಮಿ ಅಂದೆ. ಅವ್ರ ಕೈಲಿ ಆಗಕಿಲ್ಲ ಬುಡಿ ಅತ್ತೆ ಅಂದ್ಲು."

ಗುಂಡುಕಲ್ಲು ನಿಂತಿತು. "ಅಂಗಂದ್ಲಾ?"

"ಅಂಕಿ ಸಣ್ಣವಂತೆ. ಕಣ್ಣು ಚುರುಕಿರ್ಬೇಕಂತೆ."

"ನನ್ ಕಣ್ಗೇನಾಗದೆ? ಅಕ್ಕಿಯಲ್ಲಿ ಕಲ್ಲು ಆರ್ಸೋಳು ನಾನು. ಅಂಕಿ ಬರಿಯಾಕೆ ಬಿಕಾಂ ಓದ್ಬೇಕಾ? ತನ್ನಿ ಅತ್ತೆ, ಅದೇನದೋ ನೋಡ್ತೀನಿ."

ಮತ್ತೆ ಪಡುವಲಿಗೆ ಬಂದು "ಭಾಗ್ಯ ತಾನೇ ಕೇಳಿದ್ಲು ಕಣಮ್ಮಿ, ಪಾಪ" ಎಂದೆ. ಸವಿತ ನನ್ನನ್ನು ತುಂಬ ಹೊತ್ತು ನೋಡಿದಳು. ನಾನು ಸೂರಿನಿಂದ ಬೀಳುವ ಹನಿ ನೋಡಿದೆ.

ಹೀಗೆ ಮೂಡಲ ಮನೆ ಟೆಂಗೆ ಸೀಮೆಯಾಯಿತು, ಪಡುವಲ ಮನೆ ಸೋಮ್ ಸೀಮೆ. ನಡುವೆ ನೀರು ತುಂಬಿದ ಪಾಯ, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ನಾನು. ಎಷ್ಟನೇ ಹಾಳೆಗೆ ಬಂದಿದ್ದೀರಿ, ಯಾವ ತಿಂಗಳು ಮುಗಿಯಿತು ಎಂಬುದನ್ನು ಅತ್ತಿಂದಿತ್ತ ಹೊರುವುದು ನನ್ನ ಕೆಲಸ. ಬರಿ ಬಾಯಲ್ಲಿ ಹೇಳಿದರೆ ಮರೆಯುತ್ತೇನೆಂದು ಮಂಜನ ಹಳೆಯ ಫೋನು ಕೊಟ್ಟರು. ಅಂಕಿ ಒತ್ತುವುದನ್ನು ಕಲಿತದ್ದು ಹಾಗೆ. ಒತ್ತುವಾಗ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ, ಒಂದು ಎನ್ನುವ ಕಡೆ ನಾಲಿಗೆ ತಾನಾಗಿ ಲಾಭ ಎನ್ನುತ್ತಿತ್ತು. ಕಣದಲ್ಲಿ ಭತ್ತ ಅಳೆಯುವಾಗ ಮೊದಲನೆಯ ಅಳತೆಗೆ ನಾವು ಹಾಗೆಯೇ ಅನ್ನುವುದು. ಲಾಭ, ಎರಡು, ಮೂರು.

ಎಂಥ ದಿನಗಳವು. ಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟಿದ್ದರು. ಊರ ಸುತ್ತ ನಾಟಿ ಹಾಕಿದ ಗದ್ದೆಗಳು ಆಕಾಶವನ್ನೇ ಮಡಿಲಲ್ಲಿ ಮಲಗಿಸಿಕೊಂಡ ಹಾಗೆ. ಮಧ್ಯಾಹ್ನವೇ ಸಂಜೆಯಾಗಿರುತ್ತಿತ್ತು. ಕರೆಂಟು ಹೋದರೆ ಎರಡೂ ಒಲೆಯ ಬೆಳಕು ಅಂಗಳಕ್ಕೆ ಬಂದು ಪಾಯದ ನೀರಿನಲ್ಲಿ ಒಂದಾಗುತ್ತಿತ್ತು. ಎಲ್ಲಿಂದಲೋ ಕಪ್ಪೆಗಳು ಬಂದು ಅಲ್ಲಿ ಬಿಡಾರ ಹೂಡಿದ್ದವು. ಅತ್ತ ಭಾಗ್ಯ ಅಂಕಿಗಳನ್ನು ಗಟ್ಟಿಯಾಗಿ ಓದಿಕೊಂಡು ಫೋನಿನಲ್ಲಿ ಒತ್ತುತ್ತಿದ್ದಳು, ಇತ್ತ ಸವಿತಳ ತುಟಿ ಮಾತ್ರ ಅಲ್ಲಾಡುತ್ತಿತ್ತು. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತರೆ ನನಗೆ ಅರೆ ನಿದ್ದೆ, ಅರೆ ಎಚ್ಚರ. ಮಳೆಯೂ ಅಂಕಿ ಹೇಳುತ್ತಿದೆಯೋ ಎನ್ನಿಸುತ್ತಿತ್ತು. ನೋಡೇ ಇರದ ಊರುಗಳ, ಎಂದೋ ಮುಗಿದುಹೋದ ದಿನಗಳ ಬೆಲೆ ನಮ್ಮ ಸೂರಿನಿಂದ ಹನಿ ಹನಿಯಾಗಿ ಬೀಳುತ್ತಿತ್ತು.

ಬೀದಿಯ ಹೆಂಗಸರಿಗೂ ಸುದ್ದಿ ಮುಟ್ಟಿತು. ನೀರಿಗೆ ಹೋಗುವವರು ನಿಂತು ಕೇಳುತ್ತಿದ್ದರು.

"ಇವತ್ತು ಎಂಗವ್ವ ನಿನ್ ಟೆಂಗೆ?"

"ನಿನ್ನೆಕಿಂತ ಒಂದ್ ಚೂರು ಸೊರಗದೆ."

"ಸೋಮು?"

"ಕುಂತಲ್ಲೇ ಕುಂತದೆ, ನಿನ್ ಗಂಡನಂಗೆ."

ಒಂದು ಮಧ್ಯಾಹ್ನ ಭಾಗ್ಯ ಮೂಡಲ ಬಾಗಿಲಿಂದಲೇ ಕೂಗಿದಳು. ಮುಖದ ತುಂಬ ಗೆಲುವು. "ಅತ್ತೆ, ಬನ್ನಿ ಇಲ್ಲಿ. ನಮ್ ಸೀಮೇದು ಎಂಗ್ ಏರ್ಬುಡ್ತು ನೋಡಿ. ಮೂರಿದ್ದದ್ದು ನಾಕರ ತಾವ್ಕೆ ಬಂದದೆ. ಇಷ್ಟ್ ದಿವ್ಸ ತೆವಳ್ತಿತ್ತು, ಒಂದೇ ಏಟ್ಗೆ ನೆಗೀತು. ಓಗಿ ಏಳಿ ಅವ್ಳಿಗೆ."

ಗೋಣಿಚೀಲದ ಗೊಪ್ಪೆ ಹಾಕಿಕೊಂಡು ಹಲಗೆ ದಾಟಿದೆ. ಸವಿತ ಕೇಳಿಸಿಕೊಂಡು ನಕ್ಕಳು. ಒಲೆ ಬೇರೆಯಾದ ಮೇಲೆ ಅವಳ ಹಲ್ಲು ಕಂಡದ್ದು ಅದೇ ಮೊದಲು. "ಏರಿಲ್ಲ ಅತ್ತೆ. ಟೆಂಗೆ ಬಿದ್ದೋಗಿದೆ ಅಂತ ಹೇಳಿ."

ಹಲಗೆ ದಾಟಿ ಹೇಳಿದೆ. ಭಾಗ್ಯಳ ಹುಬ್ಬು ಗಂಟಾಯಿತು. "ಬೀಳಾದೇನು? ಅಂಕಿ ಕಣ್ಣೆದ್ರಿಗೆ ಅದೆ. ದೊಡ್ಡದಾಗದೆ. ಹೊಟ್ಟೆಕಿಚ್ಚಿಗೆ ಅಂಗಂತಾಳೆ, ಏಳಿ."

ಹೇಳಲು ಹೋದೆ. ಸವಿತಳಿಂದ ಉತ್ತರ ಬಂತು, ಅದನ್ನು ಹೊತ್ತು ಬಂದೆ. ಮತ್ತೆ ಹೋದೆ. ಹಲಗೆ ಜಾರುತ್ತಿತ್ತು. ಮೂಡಲ ಜಗಲಿಗೆ ಬಂದು ಕಂಬ ಹಿಡಿದು ಕೂತುಬಿಟ್ಟೆ. ಮಂಡಿ ಅಷ್ಟೇನೂ ನೋಯುತ್ತಿರಲಿಲ್ಲ, ಆದರೂ ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡೆ.

"ನನ್ ಕೈಲಿ ಆಗಕಿಲ್ಲ. ಬೇಕಾದ್ರೆ ನೀವೇ ಓಗಿ ಬಡಿದಾಡ್ಕಳಿ."

ಭಾಗ್ಯ ಬಾಗಿಲಲ್ಲಿ ನಿಂತಳು. ಒಳಗೆ ಹೋದಳು, ಮತ್ತೆ ಬಂದಳು. ಕೊನೆಗೆ ಸೆರಗು ತಲೆಗೆಳೆದುಕೊಂಡು ಪಾಯದ ಅಂಚಿಗೆ ಹೋಗಿ ನಿಂತೇಬಿಟ್ಟಳು.

"ಏಯ್ ಸವಿತ, ಏನಮ್ಮಿ ಬಿದ್ದಿರಾದು?"

ಸವಿತ ಆ ಕಡೆಯ ಅಂಚಿಗೆ ಬಂದಳು. ನಡುವೆ ಕಪ್ಪೆಗಳು ಸುಮ್ಮನಾದವು.

"ಅಕ್ಕ, ಮೊದಲು ಒಂದ್ ಸೋಮ್ ಬೇಕು ಅಂದ್ರೆ ನಿಮ್ಮೋರು ಮೂರು ಟೆಂಗೆ ಕೊಡ್ತಿದ್ರು. ಈಗ ನಾಲ್ಕರ ಹತ್ರ ಕೊಡ್ಬೇಕು. ಅದೇ ಸೋಮ್‌ಗೆ ಜಾಸ್ತಿ ಸುರೀಬೇಕು ಅಂದ್ರೆ ಯಾರದ್ದು ಅಗ್ಗ ಆಯ್ತು?"

ಭಾಗ್ಯ ಮಳೆಯಲ್ಲಿ ನಿಂತು ಲೆಕ್ಕ ಹಾಕಿದಳು. "ನಮ್ದು" ಎಂದಳು ಮೆತ್ತಗೆ. "ಮತ್ತೆ ಅಂಕಿ ಮೇಲಕ್ಕೋಗದಲ್ಲ?"

"ನಿಮ್ ಕಡೆ ನಿಂತು ನೋಡಿದ್ರೆ ಮೇಲಕ್ಕೆ. ನನ್ ಕಾಗದದಲ್ಲಿ ಅದೇ ಕೆಳಕ್ಕೆ. ಆಗಿರೋದು ಒಂದೇ."

"ಅಂದ್ರೆ ನಾ ಇಷ್ಟ್ ದಿವ್ಸ ಏರ್ತಾ ಅದೆ ಅಂತ ಕುಸಿಪಟ್ಟಿದ್ದೆಲ್ಲ ಇಳೀತಿತ್ತಾ?"

ಸವಿತ ತಲೆಯಾಡಿಸಿದಳು. ಭಾಗ್ಯ ನಗುತ್ತಾಳೋ ಸಿಟ್ಟಾಗುತ್ತಾಳೋ ಎಂದು ನಾನು ಕಾದೆ. ಅವಳು ಬೇರೆ ಏನೋ ಯೋಚಿಸುತ್ತಿದ್ದಳು. "ಪಾಪ ಕಣೆ. ಬೆಳಿಗ್ಗೆ ದುಡ್ಡು ಸೆರಗಿಗೆ ಗಂಟಾಕ್ಕೊಂಡು ಸಂತೆಗೋದ ಎಂಗ್ಸ್ರು ಏನ್ ಮಾಡಿರ್ಬೇಕು? ಗಂಟು ಅಂಗೇ ಇರ್ತದೆ, ಒಳ್ಗಡೆ ಕರಗಿರ್ತದೆ."

"ಈ ಕಡೆಯೋರಿಗೂ ಕಷ್ಟನೇ ಅಕ್ಕ. ಟೆಂಗೆಯೋರು ಕೊಳ್ಳಕ್ಕೆ ಬರ್ದೇ ಇದ್ರೆ ಇವರು ಮಾರೋದು ಯಾರಿಗೆ?"

ಅಷ್ಟೇ ಮಾತು. ಇಬ್ಬರೂ ನೆನೆದಿದ್ದರು, ಒಳಗೆ ಹೋದರು. ಆ ಮಧ್ಯಾಹ್ನ ನನಗೆ ಕಣ್ಣು ಹತ್ತಿತು. ಆ ಎರಡು ದೇಶಗಳ ನಡುವೆ ಒಂದಷ್ಟು ದೂರ ಹೊಳೆಯೇ ಗಡಿ ಎಂದು ಸವಿತ ಹೇಳಿದ್ದಳು. ಕನಸಿನಲ್ಲಿ ಅದು ನಮ್ಮ ನಾಲೆಯ ಹಾಗೇ ಇತ್ತು, ಆದರೆ ಆಚೆ ದಡದ ಹಿಂದೆ ಬಿಳಿಯ ಬೆಟ್ಟಗಳು. ಈ ದಡದಲ್ಲಿ ತಲೆಗೆ ಹೂವಿನ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಸೇಬಿನ ಬುಟ್ಟಿ ಇಟ್ಟುಕೊಂಡಿದ್ದಾಳೆ. ಆ ದಡದಲ್ಲಿ ಅವಳ ವಾರಗಿತ್ತಿ ಉಣ್ಣೆಯ ಉಂಡೆ ಹಿಡಿದು ನಿಂತಿದ್ದಾಳೆ. ಒಂದು ಕಾಲಕ್ಕೆ ಒಂದೇ ಒಲೆಯವರು. ನೀರು ಹರಿಯುತ್ತಿದೆ, ಇಬ್ಬರೂ ಏನೋ ಕೂಗಿ ಹೇಳುತ್ತಿದ್ದಾರೆ. ಎದ್ದಾಗ ಮಳೆ ನಿಂತಿತ್ತು. ಮೂಡಲಿಂದ ಭಾಗ್ಯ ಕೂಗುತ್ತಿದ್ದಳು, "ಸವಿತ, ನಿಮ್ ಕಡೆ ಆ ವಾರ ಚೇತರಿಸ್ಕೊಂಡದಾ?"

ಆಮೇಲೆ ನನ್ನ ಕೆಲಸ ಕಡಿಮೆಯಾಯಿತು. ಕೇಳುವುದನ್ನು ಅವರೇ ಪಾಯದ ಮೇಲಿಂದ ಕೇಳಿಕೊಳ್ಳುತ್ತಿದ್ದರು. ಟೆಂಗೆ ಸೋಮ್ ಬಿಟ್ಟು ಬೇರೆ ಮಾತಿಲ್ಲ. ನನಗೆ ಅಷ್ಟೇ ಸಾಕಾಗಿತ್ತು, ಆದರೆ ಮಳೆ ದಿನೇ ದಿನೇ ತೆಳ್ಳಗಾಗುತ್ತಿತ್ತು. ಶಿವಣ್ಣ ಜಗಲಿಯಲ್ಲಿ ನಿಂತು ಮೋಡ ನೋಡುತ್ತಿದ್ದ, ಆಮೇಲೆ ಇಟ್ಟಿಗೆ ನೋಡುತ್ತಿದ್ದ.

ಕೆಲಸ ಮುಗಿಸಿ ಕಳಿಸಿದ ಮೇಲೆ ಮಂಡ್ಯದಿಂದ ಫೋನು ಬಂತು. ಸಿಗ್ನಲ್ ಸರಿಯಾಗಿ ಸಿಗುವುದು ಅಂಗಳದಲ್ಲಿ ಮಾತ್ರ. ಸವಿತ ಪಾಯದ ಪಕ್ಕ ನಿಂತು ಸ್ಪೀಕರಿಗೆ ಹಾಕಿದಳು. ಭಾಗ್ಯ ಕೇಳಲೆಂದು ಬಾಗಿಲಿಗೆ ಬಂದಳು, ಕೈಲಿ ಸೌಟು.

"ಸವಿತ, ಟೆಂಗೆ ಕಟ್ಟು ಮಾಡಿದ್ದು ಯಾರು?" ಆಫೀಸಿನ ಮೇಡಂ ದನಿ ಬಿಗಿಯಾಗಿತ್ತು. "ಬ್ಯಾಂಕಿಗೆ ರಜಾ ಇದ್ದ ದಿನ ಕಾಗದದಲ್ಲಿ ರೇಟೇ ಇಲ್ಲ. ಅಂಥ ದಿನಕ್ಕೆಲ್ಲ ನೀವು ಅಂಕಿ ತುಂಬಿದ್ದೀರಿ. ಇಲ್ಲದ ಅಂಕಿ ಎಲ್ಲಿಂದ ಬಂತು? ಹೀಗಾದ್ರೆ ಇಡೀ ಕೆಲಸ ವಾಪಸು ಹೋಗುತ್ತೆ. ಯಾರು ಅವರು? ಅವರನ್ನ ಬಿಟ್ಟು ಬೇರೆಯವರ ಕೈಲಿ ಮಾಡಿಸಿ."

ಭಾಗ್ಯಳ ಸೌಟಿನಿಂದ ಸಾರು ತೊಟ್ಟಿಕ್ಕಿತು.

ಹೆಸರೊಂದನ್ನು ಹೇಳಿದ್ದರೆ ಸವಿತಳ ಕೆಲಸ ಉಳಿಯುತ್ತಿತ್ತು. ಸಿಲಿಂಡರಿನ ದಿನ ನೆಂಟರ ಮುಂದೆ ತನ್ನ ಕಡೆ ನೋಡಿದವಳು ಈಗ ಎದುರಿಗೇ ಇದ್ದಾಳೆ. ಗಾರೆಯವನ ಕರಣೆಯೂ ಬೇಡ, ಸಿಮೆಂಟೂ ಬೇಡ, ಆ ಒಂದು ಹೆಸರು ಸಾಕಿತ್ತು ಗೋಡೆ ಎದ್ದು ನಿಲ್ಲಲು.

"ನಮ್ಮನೇಲೇ ಮಾಡಿದ್ದು ಮೇಡಂ" ಎಂದಳು ಸವಿತ. "ನಮ್ಮಕ್ಕನೂ ನಾನೂ. ಶನಿವಾರದೊಳಗೆ ನಾವೇ ಸರಿ ಮಾಡಿ ಕೊಡ್ತೀವಿ. ಬೇರೆಯವ್ರು ಬೇಡ."

ಫೋನು ಇಟ್ಟ ಮೇಲೆ ಅವಳು ತಿರುಗಿದಳು. "ಯಾಕಕ್ಕ ತುಂಬಿದ್ರಿ?"

"ಅಂಕಿ ಬರಿಯೋ ಮನೇನ ಖಾಲಿ ಎಂಗಮ್ಮಿ ಅಂಗೇ ಕಳ್ಸಾದು?" ಭಾಗ್ಯ ಸೌಟು ಕೆಳಗಿಟ್ಟಳು. "ಅಷ್ಟ್ ದೂರ ಓಗಾದು. ಬರಿದಾಗ್ ಕಳ್ಸುದ್ರೆ ಏನಂದ್ಕತಾರೆ ಅಂತ, ಅದ್ರ್ ಮುಂಚಿನ್ ದಿವ್ಸದ್ದೇ ಒಂದೊಂದು ಆಕ್ದೆ. ಕೈ ಬರ್ನಿಲ್ಲ ಕಣೆ ಖಾಲಿ ಬುಡಾಕೆ."

ಸವಿತ ಅವಳನ್ನೇ ನೋಡಿದಳು. "ಯಾರೋ ಗೊತ್ತಿಲ್ದೋರಿಗೆ ಖಾಲಿ ಕಳ್ಸಕ್ಕೆ ನಿಮ್ಗೆ ಕೈ ಬರ್ಲಿಲ್ಲ. ನನ್ ಪಾತ್ರೆ ಮಾತ್ರ ತೊಳ್ದು ಖಾಲಿ ಕಳ್ಸಿದ್ರಿ."

"ನೀನೇನ್ ಕಮ್ಮಿನಾ? ಕರೆಂಟಿಲ್ದಾಗ ಸೀಮೆಣ್ಣೆ ದೀಪ ಕೇಳುದ್ರೆ ಬಾಗ್ಲು ಆಕ್ಕೊಂಡೆ."

"ನಾನ್ ಸ್ನಾನ ಮಾಡ್ತಿದ್ದೆ."

"ಒಂದ್ ಗಂಟೆನಾ?"

"ಹೂಂ, ಒಂದ್ ಗಂಟೆ. ಅಳ್ತಾ ಮಾಡಿದ್ರೆ ಅಷ್ಟಾಗುತ್ತೆ."

ಅಲ್ಲಿಂದ ಶುರುವಾಯಿತು ನೋಡಿ. ಒಬ್ಬಟ್ಟು ಬಂತು, ಸಿಲಿಂಡರ್ ಬಂತು, ನೆಂಟರು ಬಂದರು. ಇಬ್ಬರೂ ಪಾಯದ ಎರಡು ಕಡೆ ನಿಂತು ಸೊಂಟಕ್ಕೆ ಕೈ ಕೊಟ್ಟು ಜಗಳವಾಡಿದರು. ಬೀದಿಯ ಹೆಂಗಸರು ಬಿಂದಿಗೆ ಇಳಿಸಿ ನಿಂತರು. ಸವಿತಳಿಗೂ ಅಂಥ ಗಂಟಲಿದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ನನಗೆ ಒಳಗೊಳಗೇ ಹಿತವಾಗುತ್ತಿತ್ತು. ಮಾತು ಬಿಟ್ಟ ಮನೆಯಲ್ಲಿ ಕೂತು ಕೂತು ಕಿವಿ ಒಣಗಿತ್ತು. ಕೊನೆಗೆ ಭಾಗ್ಯ ಅತ್ತಳು, ಸವಿತಳೂ ಅತ್ತಳು. ಅತ್ತು ಮುಗಿದ ಮೇಲೆ ಭಾಗ್ಯ ಮೂಗು ಒರೆಸಿಕೊಂಡು, "ಶನಿವಾರಕ್ಕೆ ಆಯ್ತದಾ?" ಎಂದಳು.

ಇಟ್ಟಿಗೆ ರಾಶಿಯ ಮೇಲೆ ಟಾರ್ಪಾಲು ಕಟ್ಟಿ, ಅದರ ಕೆಳಗೆ ಇಬ್ಬರೂ ಒತ್ತಿಕೊಂಡು ಕೂತರು. ಈಗ ಒಬ್ಬರದನ್ನು ಒಬ್ಬರು ನೋಡಲೇಬೇಕಿತ್ತು. ಭಾಗ್ಯ ಒಂದೊಂದೇ ಫೋಟೋ ತೆರೆದು ನೋಡುವಳು, ರೇಟಿಲ್ಲದ ದಿನ ಬಂದರೆ "ಖಾಲಿ" ಎನ್ನುವಳು, ಸವಿತ ಅಳಿಸುವಳು. ಖಾಲಿ. ಮತ್ತೆ ಸ್ವಲ್ಪ ಹೊತ್ತು ಮಳೆಯ ಸದ್ದು. ಖಾಲಿ. ನಾನು ಜಗಲಿಯಲ್ಲಿ ಕೂತು ಇಬ್ಬರಿಗೂ ಹುರಿಗಾಳು ಕೊಡುತ್ತಿದ್ದೆ.

"ಈ ದಿನ ಏನಾಗಿತ್ತೋ" ಎನ್ನುವಳು ಭಾಗ್ಯ. "ಹಿಮ ಬಿದ್ದು ಬ್ಯಾಂಕಿನ ಬಾಗ್ಲೇ ಕಾಣ್ನಿಲ್ವೇನೋ."

"ಹಬ್ಬ ಇರ್ಬೇಕು ಅಕ್ಕ."

"ರೇಟ್ ಬರಿಯೋನ ಮಗಳ ಮದ್ವೆ ಇದ್ದಿರ್ಬೇಕು."

ಯಾವುದೋ ದೂರದ ಊರಿನ, ಯಾರೂ ಬೆಲೆ ಕಟ್ಟದ ಆ ದಿನಗಳನ್ನು ಅವರಿಬ್ಬರೂ ಅಂಗಳದಲ್ಲಿ ಕೂತು ಹೀಗೆ ಒಂದೊಂದಾಗಿ ಬರಿದು ಮಾಡಿದರು. ಮೋಡ ಇಳಿದು ಗದ್ದೆಯ ಮೇಲೆ ಮಲಗಿತ್ತು. ಅಷ್ಟು ಶಾಂತವಾದ ದಿನಗಳನ್ನು ನಾನು ಕಂಡದ್ದು ಕಡಿಮೆ.

ಕೆಲಸ ಒಪ್ಪಿಗೆಯಾಯಿತು. ಸವಿತಳನ್ನು ಆಫೀಸಿಗೆ ಕರೆದರು. ಬೆಳಗಿನ ಬಸ್ಸಿಗೆ ಮಂಡ್ಯಕ್ಕೆ ಹೋದರೆ ಬರುವುದು ಸಂಜೆ. ಮನೆ ಹೇಗೆ ಎಂದು ಅವಳು ಹಿಂಜರಿಯುತ್ತಿದ್ದಾಗ ಭಾಗ್ಯ ಪಾಯದಾಚೆಯಿಂದಲೇ ಹೇಳಿದಳು. "ಓಗು ಸುಮ್ಕೆ. ಮಧ್ಯಾಹ್ನ ಮಂಜ ನಮ್ ಕಡೆ ಉಣ್ಣಲಿ. ಸಂಜೆ ಬಂದು ನಿನ್ ಒಲೆ ನೀ ಹಚ್ಕೊ. ನನ್ ಒಲೇಗೆ ಸೇರ್ಕೊ ಅಂತ ನಾನಂತೂ ಅನ್ನಾಕಿಲ್ಲ."

"ನಾನೂ ಸೇರಲ್ಲ ಬಿಡಿ" ಎಂದಳು ಸವಿತ. ಇಬ್ಬರೂ ನಕ್ಕರು. ಒಲೆಗಳು ಎರಡೇ ಉಳಿದವು.

ಮಳೆ ಹೋಯಿತು. ಪಾಯದ ನೀರು ಇಂಗಿತು, ಅಂಚಿನ ಮಣ್ಣು ಕುಸಿದು ಪಾಯ ಮುಕ್ಕಾಲು ಮುಚ್ಚಿಕೊಂಡಿತು, ಕಪ್ಪೆಗಳು ಬೇರೆ ಮನೆ ನೋಡಿಕೊಂಡವು. ಒಂದು ಭಾನುವಾರ ಬೆಳಿಗ್ಗೆ ಗಾರೆಯವನು ದಾರ, ತೂಕಗುಂಡು, ಸುಣ್ಣದ ಪುಡಿ ಹಿಡಿದು ಬಂದ.

"ಬ್ಯಾಡ ಕಣ್ಲಾ ಶಿವಣ್ಣ" ಎಂದೆ.

"ಇಟ್ಟಿಗೆ ತರ್ಸಿವ್ನಿ, ಪಾಯ ತೋಡ್ಸಿವ್ನಿ, ಊರೆಲ್ಲ ನೋಡದೆ. ಈಗ ಬ್ಯಾಡ ಅಂದ್ರೆ ನಗಾಕಿಲ್ವಾ? ಸುಮ್ಕಿರವ್ವ."

ಸದ್ದು ಕೇಳಿ ಸೊಸೆಯರಿಬ್ಬರೂ ಹೊರಗೆ ಬಂದರು. ಗಾರೆಯವನು ದಾರ ಎಳೆದು, ಸುಣ್ಣ ಉದುರಿಸುತ್ತ ಒಂದು ಕೊನೆಯಿಂದ ಹೊರಟ. ನಡುವಿಗೆ ಬಂದಾಗ ಭಾಗ್ಯ ಅಡ್ಡ ನಿಂತಳು.

"ಇಲ್ಲೊಂದು ಬಾಗ್ಲು ಮಡಗಪ್ಪ."

"ಗ್ವಾಡೆಗೆ ಬಾಗ್ಲು ಯಾತಕ್ಕಮ್ಮಿ?" ಎಂದ ಶಿವಣ್ಣ.

"ಗ್ವಾಡೆ ನಿಮ್ದು. ನೀವ್ ಕಟ್ಕಳಿ, ಬ್ಯಾಡ ಅನ್ನಾಕಿಲ್ಲ. ಬಾಗ್ಲು ನಮ್ದು."

ಸವಿತಳೂ ಬಂದು ಅವಳ ಪಕ್ಕ ನಿಂತಳು. ಶಿವಣ್ಣ ನನ್ನ ಕಡೆ ನೋಡಿದ. ನಾನು ಬೆಳಗಿನ ಬಿಸಿಲು ನೋಡುತ್ತಿದ್ದೆ. ಅವನು ಗಾರೆಯವನಿಗೆ ಕೈಸನ್ನೆ ಮಾಡಿದ.

"ಎಷ್ಟಗ್ಲ?" ಎಂದ ಗಾರೆಯವನು.

ಭಾಗ್ಯ ಸವಿತಳ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು ತೋರಿಸಿದಳು. ಅವನು ಇಬ್ಬರ ಎರಡು ಬದಿಗೂ ಸುಣ್ಣದ ಗೀಟು ಎಳೆದ. ಸವಿತ ಬಗ್ಗಿ ಗೀಟು ನೋಡಿದಳು. "ಅಕ್ಕ, ನೀವು ಬಿಂದಿಗೆ ಹಿಡ್ಕೊಂಡು ಈ ಕಡೆ ಬರ್ತಿರೋವಾಗ ನಾನೂ ಒಂದು ಹಿಡ್ಕೊಂಡು ಎದುರು ಬಂದ್ರೆ?"

ಇಬ್ಬರೂ ಸೊಂಟದ ಮೇಲೆ ಇಲ್ಲದ ಬಿಂದಿಗೆ ಇಟ್ಟುಕೊಂಡು ಎದುರುಬದುರು ನಡೆದು ನೋಡಿದರು. ಮೊಣಕೈ ತಾಗಿತು. ಗಾರೆಯವನು ಕಾಲಿನಿಂದ ಗೀಟು ಅಳಿಸಿ ಇನ್ನೊಂದು ಎಳೆದ.

"ಮಂಜ ಮೇವಿನ ಹೊರೆ ತಲೆ ಮೇಲ್ ಹೊತ್ಕೊಂಡ್ ಬಂದ್ರೆ?" ಎಂದಳು ಭಾಗ್ಯ.

ಅದನ್ನೂ ಅಳಿಸಿದ. ಸುಣ್ಣದ ಪುಡಿ ಅವನ ಮೊಳಕಾಲವರೆಗೂ ಹತ್ತಿತ್ತು. "ಅಣ್ಣೋ" ಎಂದು ಶಿವಣ್ಣನ ಕಡೆ ತಿರುಗಿದ, "ಇಂಗೇ ಓದ್ರೆ ನಂಗೆ ಗ್ವಾಡೆ ಕೂಲಿ ಗಿಟ್ಟಾಕಿಲ್ಲ. ಎಲ್ಲಿಗ್ ನಿಲ್ಸಾನ?"

ಶಿವಣ್ಣ ಆ ಕಡೆಯ ಗೀಟು ನೋಡಿದ, ಈ ಕಡೆಯ ಗೀಟು ನೋಡಿದ. ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡ.

"ನನ್ನೇನ್ ಕೇಳ್ತೀಯಪ್ಪ" ಎಂದ. "ಅವ್ರು ಸಾಕು ಅನ್ನಗಂಟ ಅಳಿಸ್ತಾ ಇರು."